ಚೀಟಿ ಬರೆಯುವವರು ಯಾರೋ, ಮಾತ್ರೆಯ ಹಿಂದೆ ಹೋಗುವವರು ನಾವು: ಮನೋರೋಗದ ಔಷಧಿಗಳ ಬಗ್ಗೆ ನರ್ಸುಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಲ್ಲಿ ಮನೋರೋಗ ವಿಭಾಗದ ನರ್ಸ್ ಆಗಿ ನನಗೆ ಹದಿನೇಳು ವರ್ಷ ಆಯಿತು. ಈಗ ವಾರಕ್ಕೆ ಎರಡು ದಿನ ಪಾಠವನ್ನೂ ಮಾಡುತ್ತೇನೆ. ಕ್ಲಾಸಿನಲ್ಲಿ ಕೂತ ಅರ್ಧ ಮಕ್ಕಳ ಕಣ್ಣು ಅಮೆರಿಕ, ಇಂಗ್ಲೆಂಡ್ ಕಡೆಗೆ. ಉಳಿದವರು ಉಡುಪಿ, ಕುಂದಾಪುರ, ಪುತ್ತೂರು ಅಂತ ಇಲ್ಲೇ ಇರುವವರು. ಇಬ್ಬರೂ ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ. ಪ್ರತಿ ಬ್ಯಾಚಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಡೋಸಿನ ಲೆಕ್ಕ ಕೊಟ್ಟಿರುವುದು ತಿಳಿದುಕೊಳ್ಳಲಿಕ್ಕೆ. ಇದನ್ನು ನೋಡಿ ಯಾರೂ ತಮ್ಮ ಮಾತ್ರೆಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಬೇಡಿ.

ನಮ್ಮ ದೇಶದಲ್ಲಿ ನರ್ಸ್ ಮನೋರೋಗದ ಮಾತ್ರೆ ಬರೆಯಬಹುದಾ?

ಇಲ್ಲ. ಎಂಎಸ್ಸಿ ಮಾಡಿದ್ದರೂ ಇಲ್ಲ, ನಿಮ್ಹಾನ್ಸ್‌ನಲ್ಲಿ ಡಿಪ್ಲೊಮಾ ಮಾಡಿದ್ದರೂ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮ್ಮನ್ನು ಮಾನಸಿಕ ಆರೋಗ್ಯ ವೃತ್ತಿಪರರ ಸಾಲಿಗೆ ಸೇರಿಸಿದೆ, ಅದು ಸಂತೋಷದ ವಿಷಯ. ಆದರೆ ಅದೇ ಕಾಯ್ದೆಯ 106ನೇ ಸೆಕ್ಷನ್ನು, ನಿಮ್ಮ ವೃತ್ತಿಗೆ ಅನುಮತಿ ಇಲ್ಲದ ಔಷಧಿಯನ್ನು ನೀವು ಸೂಚಿಸಬಾರದು ಅಂತ ನೇರವಾಗಿ ಹೇಳುತ್ತದೆ. "ಡಾಕ್ಟ್ರು ರಜೆಯಲ್ಲಿದ್ದಾರೆ, ಹಳೆಯ ಚೀಟಿ ನೋಡಿ ನೀವೇ ಬರೆದುಕೊಡಿ ಸಿಸ್ಟರ್" ಅಂತ ಯಾರಾದರೂ ಒತ್ತಾಯ ಮಾಡಿದರೆ ಈ ಸೆಕ್ಷನ್ ನೆನಪಿರಲಿ.

ಅಮೆರಿಕ, ಇಂಗ್ಲೆಂಡಿಗೆ ಹೋದರೆ?

ಅಲ್ಲಿ ಬರೆಯಬಹುದು, ಆದರೆ ಸುಮ್ನೆ ಹೋದ ಕೂಡಲೇ ಅಲ್ಲ. ಅಮೆರಿಕದಲ್ಲಿ ಮನೋರೋಗದ ನರ್ಸ್ ಪ್ರಾಕ್ಟೀಷನರ್ ಆಗಬೇಕಾದರೆ ಅದಕ್ಕೇ ಇರುವ ಸ್ನಾತಕೋತ್ತರ ಕೋರ್ಸ್ ಮುಗಿಸಿ ಪರೀಕ್ಷೆ ಪಾಸಾಗಬೇಕು. ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಅವರು ಡಾಕ್ಟರ ಸಹಿ ಇಲ್ಲದೆಯೇ ಚೀಟಿ ಬರೆಯುತ್ತಾರೆ. ಉಳಿದ ಕಡೆ ಡಾಕ್ಟರ ಜೊತೆ ಒಪ್ಪಂದ ಬೇಕು. ನಿದ್ದೆ ಮಾತ್ರೆಯಂಥ ನಿಯಂತ್ರಿತ ಔಷಧಿಗಳಿಗೆ ಡಿಇಎ (ಅಲ್ಲಿಯ ಮಾದಕವಸ್ತು ನಿಯಂತ್ರಣ ಸಂಸ್ಥೆ) ನೋಂದಣಿ ಬೇರೆ. ಇಂಗ್ಲೆಂಡಿನಲ್ಲಿ 2006ರಿಂದ, ಪ್ರತ್ಯೇಕ ತರಬೇತಿ ಪಡೆದ ನರ್ಸ್ ತನ್ನ ಅನುಭವದ ಮಿತಿಯೊಳಗೆ ಹೆಚ್ಚುಕಡಿಮೆ ಎಲ್ಲ ಔಷಧಿಗಳನ್ನೂ ಬರೆಯಬಹುದು. ಇಲ್ಲಿಯ ಅನುಭವ ಅಲ್ಲಿ ಕೆಲಸಕ್ಕೆ ಬರುತ್ತದೆ. ಇಲ್ಲಿಯ ಸರ್ಟಿಫಿಕೇಟ್ ಒಂದರಿಂದಲೇ ಪೆನ್ನು ಹಿಡಿಯಲಿಕ್ಕೆ ಬಿಡುವುದಿಲ್ಲ.

ಬರೆಯಲಿಕ್ಕೇ ಇಲ್ಲ ಅಂದ ಮೇಲೆ ಇದನ್ನೆಲ್ಲ ಕಲಿಯುವುದು ಯಾಕೆ?

ಡಾಕ್ಟ್ರು ರೋಗಿಯನ್ನು ನೋಡುವುದು ಹತ್ತು ನಿಮಿಷ. ಆ ಮಾತ್ರೆ ಹೊಟ್ಟೆಗೆ ಹೋದ ಮೇಲೆ ಏನಾಯಿತು ಅಂತ ನೋಡುವವರು ನಾವು. ಯಾವ ಮಾತ್ರೆ ಯಾವಾಗ ಕೈಕೊಡುತ್ತದೆ ಅಂತ ಗೊತ್ತಿಲ್ಲದಿದ್ದರೆ ಕಣ್ಣೆದುರಿಗೆ ಇದ್ದರೂ ಕಾಣುವುದಿಲ್ಲ.

ನನ್ನದೇ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಹೆಸರು ಬೇಡ, ಆಗ ಇದ್ದ ಆಸ್ಪತ್ರೆ ಬೇರೆ. ಕ್ಲೋಜಪಿನ್ (ಬೇರೆ ಮಾತ್ರೆಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮಾತ್ರೆ) 300 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದ ಒಬ್ಬರು ಮನೆಗೆ ಹೋದವರು ನಾಲ್ಕು ದಿನ ಬಿಟ್ಟು ವಾರ್ಡಿಗೆ ವಾಪಸ್ ಬಂದರು. ಮನೆಯಲ್ಲಿ ಮಾತ್ರೆ ತಿಂದಿರಲಿಲ್ಲ. ನಾನು ಕೇಳಲೂ ಇಲ್ಲ. ಚಾರ್ಟಿನಲ್ಲಿ ಇದ್ದದ್ದನ್ನು ರಾತ್ರಿ ಹಾಗೇ ಕೊಟ್ಟೆ. ಬೆಳಗಿನ ಜಾವ ಬಾತ್‌ರೂಮಿನಲ್ಲಿ ಧೊಪ್ಪಂತ ಬಿದ್ದ ಸದ್ದು. ಬಿಪಿ ಇಳಿದು ಹಣೆ ಒಡೆದಿತ್ತು. ಕ್ಲೋಜಪಿನ್ 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಮತ್ತೆ 12.5ರಿಂದಲೇ ಶುರು ಮಾಡಬೇಕು ಅಂತ ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ "ಮನೆಯಲ್ಲಿ ಮಾತ್ರೆ ತಗೊಂಡ್ರಾ?" ಅಂತ ಒಂದು ಮಾತು ಕೇಳಲಿಲ್ಲ ಅಲ್ವಾ?

ಹೊಸ ಮಾತ್ರೆ ಶುರುವಾಗುವ ಮೊದಲು ರೋಗಿಯನ್ನು ಏನು ಕೇಳಬೇಕು?

ಬಿಪಿ, ಶುಗರ್, ಕಿಡ್ನಿ, ಥೈರಾಯ್ಡ್, ಅಲರ್ಜಿ ಇವೆಲ್ಲ ಫಾರ್ಮಿನಲ್ಲೇ ಇರುತ್ತವೆ. ಫಾರ್ಮಿನಲ್ಲಿ ಇಲ್ಲದ್ದನ್ನು ಹೇಳುತ್ತೇನೆ.

"ಬೇರೆ ಯಾವ ಮಾತ್ರೆ ತಗೊಳ್ತೀರಿ?" ಅಂದರೆ "ಏನೂ ಇಲ್ಲ" ಅಂತಾರೆ. "ಮಂಡಿನೋವಿಗೆ ಮೆಡಿಕಲ್‌ನಿಂದ ಎಂತಾದರೂ ತರ್ತೀರಾ? ಕಷಾಯ? ಅರಿಷ್ಟ?" ಅಂತ ಕೇಳಿ, ಆಗ ಚೀಲದಿಂದ ನಾಲ್ಕು ಸ್ಟ್ರಿಪ್ ಹೊರಗೆ ಬರುತ್ತದೆ. ನಮ್ಮ ಊರಿನಲ್ಲಿ ಆಯುರ್ವೇದ ಔಷಧಿಯನ್ನು ಔಷಧಿ ಅಂತ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೀಡಿ ಎಷ್ಟು, ಗಂಗಸರ (ಸಾರಾಯಿ) ಎಷ್ಟು ಅಂತ ಹೆಂಡತಿಯ ಎದುರು ಕೇಳಬೇಡಿ.

ಹೆಂಗಸರಾದರೆ ಮುಟ್ಟು ಕೊನೆಗೆ ಯಾವಾಗ ಆಯಿತು, ಮಗುವಿನ ಯೋಚನೆ ಉಂಟಾ, ಎದೆಹಾಲು ಕೊಡುತ್ತಿದ್ದಾರಾ ಅಂತ ಕೇಳಲೇಬೇಕು. ಬೇಸರ, ಕುಗ್ಗಿದ ಮನಸ್ಸು ಅಂತ ಬಂದವರನ್ನು "ಯಾವತ್ತಾದರೂ ಇದಕ್ಕೆ ಉಲ್ಟಾ ಆಗಿತ್ತಾ? ನಿದ್ದೆ ಇಲ್ಲದೆಯೂ ಚುರುಕು, ಮಾತು ಜಾಸ್ತಿ, ಕೈಬಿಟ್ಟು ಖರ್ಚು?" ಅಂತ ಕೇಳಿ. ಬೈಪೋಲಾರ್ (ಖಿನ್ನತೆ, ಉನ್ಮಾದ ಎರಡೂ ಬಂದು ಹೋಗುವ ಕಾಯಿಲೆ) ಇದ್ದವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು. ಈ ಪ್ರಶ್ನೆಗೆ ರೋಗಿಗಿಂತ ಅಕ್ಕನೋ ಅಮ್ಮನೋ ಸರಿಯಾಗಿ ಉತ್ತರ ಕೊಡುತ್ತಾರೆ.

ಇನ್ನೊಂದು, ಕೆಲಸ ಏನು? ಮಲ್ಪೆಯಿಂದ ಆಳಸಮುದ್ರಕ್ಕೆ ಹೋಗುವವರು ಹತ್ತು ದಿನ ದಡಕ್ಕೆ ಬರುವುದಿಲ್ಲ. ಏಳು ದಿನದ ಮಾತ್ರೆ ಕೊಟ್ಟು "ಮುಂದಿನ ವಾರ ಬನ್ನಿ" ಅಂದರೆ ಮೂರು ದಿನ ಮಾತ್ರೆ ಇಲ್ಲ. ನಿದ್ದೆ ಬರಿಸುವ ಹೊಸ ಮಾತ್ರೆಯ ಮೊದಲ ಡೋಸನ್ನು ಬೋಟಿನಲ್ಲಿ ನುಂಗುವುದಂತೂ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಇರುವಾಗ ಡೋಸ್ ಬದಲಾಯಿಸಿದರೆ ನೋಡಿಕೊಳ್ಳಲಿಕ್ಕೆ ಸುಲಭ, ಅದನ್ನು ಡಾಕ್ಟರಿಗೆ ನೆನಪಿಸಿ. ರಾತ್ರಿಯಿಡೀ ವೇಷ ಕಟ್ಟುವ ಯಕ್ಷಗಾನದವರಿಗೆ "ರಾತ್ರಿ ಮಲಗುವಾಗ ಒಂದು" ಅಂತ ಬರೆದರೆ ಅದು ಬೆಳಿಗ್ಗೆ ಏಳಕ್ಕೆ ಅಂತ ಅರ್ಥ!

ಖಿನ್ನತೆಯ ಮಾತ್ರೆ ಹತ್ತು ದಿನ ತಿಂದರೂ ಏನೂ ಆಗಲಿಲ್ಲ ಅಂತಾರೆ. ಏನು ಹೇಳಲಿ?

ಮೊದಲ ದಿನವೇ ಹೇಳಿಡಬೇಕಿತ್ತು. ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್, ಫ್ಲೂಆಕ್ಸೆಟಿನ್ ಯಾವುದೇ ಆದರೂ ಗುಣ ಕಾಣಲಿಕ್ಕೆ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಫಲಕ್ಕೆ ಆರೆಂಟು ವಾರ. ಆದರೆ ಅಡ್ಡಪರಿಣಾಮಕ್ಕೆ ಇಷ್ಟು ತಾಳ್ಮೆ ಇಲ್ಲ, ಮೊದಲ ವಾರದಲ್ಲೇ ಬರುತ್ತದೆ: ಹೊಟ್ಟೆ ತೊಳಸು, ಬೇಧಿ, ಒಂಥರಾ ಚಡಪಡಿಕೆ. ಹೀಗಾಗಿ ಮೊದಲ ಹತ್ತು ದಿನ ರೋಗಿಗೆ ಸಿಗುವುದು ಬರೀ ನಷ್ಟ. ಅದಕ್ಕೇ ಮಾತ್ರೆ ಬಿಟ್ಟುಬಿಡುತ್ತಾರೆ. ಊಟ ಆದ ಮೇಲೆ ತಗೊಳ್ಳಿ, ಹೆಚ್ಚಿನವರಿಗೆ ವಾರ ಎರಡು ವಾರದಲ್ಲಿ ಕಡಿಮೆ ಆಗುತ್ತದೆ ಅಂತ ಹೇಳಿದರೆ ಅರ್ಧ ಜನ ಉಳಿಯುತ್ತಾರೆ.

ಆ ಚಡಪಡಿಕೆಯನ್ನು ಮಾತ್ರ ಹಗುರವಾಗಿ ನೋಡಬೇಡಿ. 25ರ ಒಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಾಗಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಮಕ್ಕಳಿಗೆ, 2007ರಲ್ಲಿ 24 ವರ್ಷದವರೆಗಿನವರಿಗೆ ಎಚ್ಚರಿಕೆ ಹಾಕಿದೆ. ಮಾತ್ರೆ ಕೊಡಬಾರದು ಅಂತ ಅದರ ಅರ್ಥ ಅಲ್ಲ. ಒಂದು ವಾರದೊಳಗೆ ಫೋನ್ ಮಾಡಿ ಕೇಳಬೇಕು ಅಂತ. ನೇರವಾಗಿಯೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು.

ವಯಸ್ಸಾದವರಲ್ಲಿ ಈ ಮಾತ್ರೆಗಳಿಂದ ರಕ್ತದ ಸೋಡಿಯಂ ಇಳಿಯಬಹುದು. ಮಾತ್ರೆ ಶುರುವಾಗಿ ಎರಡು ಮೂರು ವಾರಕ್ಕೆ ಅಜ್ಜಿಗೆ ಮಂಪರು, ಮಾತು ತಪ್ಪುವುದು, ನಡೆಯುವಾಗ ವಾಲುವುದು ಕಂಡರೆ "ಪ್ರಾಯ ಆಯ್ತಲ್ಲ" ಅನ್ನಬೇಡಿ, ರಕ್ತ ಪರೀಕ್ಷೆಗೆ ಹೇಳಿಸಿ. ನೋವಿನ ಮಾತ್ರೆ ಜೊತೆಗಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ ಹೆಚ್ಚು. ಟ್ರಮಡಾಲ್ ಎಂಬ ನೋವಿನ ಮಾತ್ರೆ ಜೊತೆಗಾದರೆ ಬೆವರು, ನಡುಕ, ಜ್ವರ, ಗೊಂದಲ ಬರಬಹುದು.

ಲೈಂಗಿಕ ತೊಂದರೆಯನ್ನು ಯಾರೂ ತಾವಾಗಿ ಹೇಳುವುದಿಲ್ಲ, ಸುಮ್ನೆ ಮಾತ್ರೆ ನಿಲ್ಲಿಸುತ್ತಾರೆ. ಗಂಡಸರಿಗೆ ಗಂಡಸು ನರ್ಸ್ ಕೇಳಿದರೆ ಸುಲಭ. ಅವರು ಇಲ್ಲದಿದ್ದರೆ ನಾನೇ "ಕೆಲವರಿಗೆ ಹೀಗಾಗುತ್ತದೆ, ನಿಮಗೂ ಉಂಟಾ?" ಅಂತ ಕೇಳುತ್ತೇನೆ. ತಲೆ ತಗ್ಗಿಸಿ ಹೌದು ಅಂತಾರೆ.

ಗುಣವಾದ ಮೇಲೆ ನಿಲ್ಲಿಸಬಹುದಾ?

ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಸರಿಯಾದ ಮೇಲೂ ಆರರಿಂದ ಒಂಬತ್ತು ತಿಂಗಳು ಬೇಕು. ನಿಲ್ಲಿಸುವುದು ಮೆಲ್ಲ ಮೆಲ್ಲ. ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಒಮ್ಮೆಲೇ ಬಿಟ್ಟರೆ ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತದೆ ಅಂತಾರೆ.

ಲಿಥಿಯಂ ಅಂದರೆ ಎಲ್ಲರೂ ಯಾಕೆ ಇಷ್ಟು ಹೆದರುವುದು?

ಬೇಕಾದಷ್ಟು ಮತ್ತು ವಿಷ ಆಗುವಷ್ಟು, ಇವೆರಡರ ನಡುವೆ ಜಾಗ ಬಹಳ ಕಡಿಮೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಒಳ್ಳೆಯದು, 1.5 ದಾಟಿದರೆ ಅಪಾಯ. ಆದರೆ 1949ರಿಂದ ಬಂದ ಈ ಹಳೆಯ ಉಪ್ಪು ಬೈಪೋಲಾರ್‌ಗೆ ಇವತ್ತಿಗೂ ಒಳ್ಳೆಯ ಔಷಧಿ. ಆತ್ಮಹತ್ಯೆ ತಡೆಯುವುದರಲ್ಲೂ ಇದಕ್ಕೆ ಹೆಸರಿದೆ. ಹೆದರಿ ಬಿಡುವ ಮಾತ್ರೆ ಅಲ್ಲ ಇದು, ಕಣ್ಣಿಟ್ಟು ಕೊಡುವ ಮಾತ್ರೆ.

ಲಿಥಿಯಂ ಉಪ್ಪಿನ ನೆಂಟ. ದೇಹದಲ್ಲಿ ನೀರು, ಉಪ್ಪು ಕಡಿಮೆಯಾದರೆ ಕಿಡ್ನಿ ಉಪ್ಪನ್ನು ಹಿಡಿದಿಡುತ್ತದೆ, ಜೊತೆಗೆ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಈಗ ನಮ್ಮ ಕರಾವಳಿಯ ಏಪ್ರಿಲ್ ಮೇ ಸೆಖೆ ಯೋಚಿಸಿ. ಬೆವರು ಸುರಿದು ಅಂಗಿ ಹಿಂಡುವ ಹಾಗೆ. ಅದಕ್ಕೆ ವಾಂತಿ ಬೇಧಿ ಸೇರಿದರೆ ಮುಗಿಯಿತು.

ಉಡುಪಿ ಕಡೆಯ ಒಬ್ಬರು ಅಮ್ಮ, ಅರವತ್ತು ದಾಟಿದವರು. ಹನ್ನೊಂದು ವರ್ಷ ಲಿಥಿಯಂನಲ್ಲಿ ಚೆನ್ನಾಗಿದ್ದರು. ಬಿಪಿ ಬಂತು ಅಂತ ಊರಿನಲ್ಲಿ ಮೂತ್ರ ಹೋಗುವ ಬಿಪಿ ಮಾತ್ರೆ ಸೇರಿತು. ಯಾರೋ ಉಪ್ಪು ಬಿಡಿ ಅಂದರು. ಮಂಡಿನೋವಿಗೆ ಮಗ ಮೆಡಿಕಲ್‌ನಿಂದ ಡಿಕ್ಲೋಫೆನಾಕ್ ತಂದುಕೊಟ್ಟ. ಮೂರೂ ಲಿಥಿಯಂ ಏರಿಸುವಂಥದ್ದೇ! ಅವರು ಬಂದದ್ದು ಬೇರೆ ವಿಷಯಕ್ಕೆ, ಹೊಟ್ಟೆ ಸರಿ ಇಲ್ಲ ಅಂತ. ಮಾತಾಡುತ್ತಾ ಸೊಸೆ ಅಂದಳು, "ಈಗ ಗಂಜಿ ಊಟಕ್ಕೂ ನಾನೇ ಚಮಚ ಹಿಡೀಬೇಕು ಸಿಸ್ಟರೇ, ಅತ್ತೆಯ ಕೈ ಹಾಗೆ ನಡುಗ್ತದೆ, ಅರ್ಧ ಸೀರೆಗೇ." ಲಿಥಿಯಂ ತಗೊಳ್ಳುವವರಿಗೆ ಬೆರಳ ತುದಿಯಲ್ಲಿ ಸಣ್ಣ ನಡುಕ ಇರುವುದು ಸಾಮಾನ್ಯ. ಗಂಜಿ ಚೆಲ್ಲುವ ನಡುಕ ಸಾಮಾನ್ಯ ಅಲ್ಲ. ನಡೆಸಿ ನೋಡಿದೆ, ಕುಡಿದವರ ಹಾಗೆ ವಾಲಿದರು. ಡಾಕ್ಟರಿಗೆ ಹೇಳಿದೆ, ರಕ್ತ ತೆಗೆದೆವು, 1.9 ಇತ್ತು. ಅವತ್ತೇ ದಾಖಲು.

ರಕ್ತ ತೆಗೆಯುವುದು ಕೊನೆಯ ಡೋಸ್ ಆಗಿ 12 ಗಂಟೆಗೆ. ಬೆಳಿಗ್ಗೆ ಮಾತ್ರೆ ನುಂಗಿ ಲ್ಯಾಬಿಗೆ ಬಂದರೆ ಆ ನಂಬರ್ ಕೆಲಸಕ್ಕೆ ಬಾರದು. ಡೋಸ್ ಬದಲಾಯಿಸಿದರೆ ಐದರಿಂದ ಏಳು ದಿನ ಬಿಟ್ಟು ನೋಡಬೇಕು. ಕಿಡ್ನಿ, ಥೈರಾಯ್ಡ್, ಕ್ಯಾಲ್ಸಿಯಂ ಆರು ತಿಂಗಳಿಗೊಮ್ಮೆ. ರಂಜಾನ್ ಉಪವಾಸ ಮಾಡುವ ಬ್ಯಾರಿ ಮನೆಯವರಿಗೆ ಉಪವಾಸ ಬಿಡಿ ಅಂತ ಉಪದೇಶ ಮಾಡುವ ಮೊದಲು, ತಿಂಗಳ ಮುಂಚೆಯೇ ಡಾಕ್ಟರ ಹತ್ತಿರ ಕೂರಿಸಿ. ಸಮಯ ಹೊಂದಿಸಲಿಕ್ಕೆ ಆಗುತ್ತದಾ, ರಕ್ತ ಯಾವಾಗ ನೋಡಬೇಕು ಅಂತ ಅವರು ನಿರ್ಧರಿಸಲಿ. ಇಲ್ಲದಿದ್ದರೆ ಯಾರಿಗೂ ಹೇಳದೆ ಅವರೇ ನಿರ್ಧರಿಸಿರುತ್ತಾರೆ.

ಬೀಡಿಗೂ ಮಾತ್ರೆಗೂ ಏನು ಸಂಬಂಧ?

ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಊರು ನಮ್ಮದು, ಹಾಗಾಗಿ ಇದು ನಮಗೆ ಗೊತ್ತಿರಲೇಬೇಕು. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಟಾರ್ ಲಿವರನ್ನು ಚುರುಕು ಮಾಡಿ ಕ್ಲೋಜಪಿನ್, ಒಲಾಂಜಪಿನ್ ಎರಡನ್ನೂ ಬೇಗ ಬೇಗ ಕರಗಿಸುತ್ತದೆ. ಡಾಕ್ಟ್ರು ಡೋಸ್ ಹೊಂದಿಸಿರುವುದು ಆ ಬೀಡಿಯ ಲೆಕ್ಕ ಸೇರಿಸಿಯೇ. ಅದೇ ಮನುಷ್ಯ ವಾರ್ಡಿಗೆ ಬಂದ, ಬೀಡಿ ನಿಂತಿತು. ಒಂದು ವಾರದಲ್ಲಿ ರಕ್ತದಲ್ಲಿ ಕ್ಲೋಜಪಿನ್ ಒಂದೂವರೆ ಪಟ್ಟು ಏರಬಹುದು, ಕೆಲವರಲ್ಲಿ ಇನ್ನೂ ಜಾಸ್ತಿ. ಎಬ್ಬಿಸಿದರೂ ಏಳದ ನಿದ್ದೆ, ದಿಂಬು ಒದ್ದೆಯಾಗುವಷ್ಟು ಜೊಲ್ಲು, ಫಿಟ್ಸ್ ಕೂಡ ಬರಬಹುದು. ಮನೆಗೆ ಹೋಗಿ ಮತ್ತೆ ಬೀಡಿ ಹಚ್ಚಿದರೆ ಉಲ್ಟಾ, ರೋಗ ಮರುಕಳಿಸಬಹುದು. ಇದು ನಿಕೋಟಿನ್‌ನಿಂದ ಆಗುವುದಲ್ಲ, ಹೊಗೆಯಿಂದ. ಹಾಗಾಗಿ ನಿಕೋಟಿನ್ ಗಮ್ ಕೊಟ್ಟರೂ ಮಟ್ಟ ಏರುವುದು ಏರುತ್ತದೆ.

ಕ್ಲೋಜಪಿನ್‌ಗೆ ಮೊದಲ 18 ವಾರ ವಾರಕ್ಕೊಮ್ಮೆ ಬಿಳಿರಕ್ತಕಣ ನೋಡುವುದು ರೂಢಿ, ಆಮೇಲೆ ಅಂತರ ಹೆಚ್ಚಿಸುತ್ತಾರೆ. ಜ್ವರ, ಗಂಟಲು ನೋವು ಅಂದರೆ ಕಾಯದೆ ರಕ್ತ ಪರೀಕ್ಷೆ. ಎಲ್ಲರೂ ರಕ್ತಕ್ಕೆ ಹೆದರುತ್ತಾರೆ, ಮಲಬದ್ಧತೆಯನ್ನು ಮರೆಯುತ್ತಾರೆ. ಕ್ಲೋಜಪಿನ್ ಕರುಳನ್ನೇ ನಿಲ್ಲಿಸಿ ಜೀವ ತೆಗೆಯಬಹುದು. ದಿನಾ ಬೆಳಿಗ್ಗೆ "ಟಾಯ್ಲೆಟ್‌ಗೆ ಹೋದ್ರಾ?" ಅಂತ ಕೇಳುವುದು ನಾಚಿಕೆಯ ವಿಷಯವೇ ಅಲ್ಲ.

ಇಂಜೆಕ್ಷನ್ ಕೊಟ್ಟ ಮರುದಿನ ಹುಡುಗನ ಕತ್ತು ತಿರುಚಿ ಕಣ್ಣು ಮೇಲೆ ಹೋಯಿತು. ಮನೆಯವರು ಮೈಮೇಲೆ ಬಂತು ಅಂತಾರೆ.

ಹ್ಯಾಲೊಪೆರಿಡಾಲ್‌ನಂಥ ಮಾತ್ರೆ, ಇಂಜೆಕ್ಷನ್ ಶುರುವಾದ ಮೊದಲ ಕೆಲವು ದಿನಗಳಲ್ಲಿ ಹೀಗಾಗುತ್ತದೆ, ಹರೆಯದ ಗಂಡುಮಕ್ಕಳಲ್ಲಿ ಜಾಸ್ತಿ. ಸ್ನಾಯು ಹಿಡಿದುಕೊಳ್ಳುವುದು ಅಷ್ಟೆ. ಡಾಕ್ಟರ ಆದೇಶದ ಮೇಲೆ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸರಿಯಾಗುತ್ತದೆ. ದೈವದ ಬಗ್ಗೆ ಮನೆಯವರ ಜೊತೆ ವಾದ ಮಾಡಲಿಕ್ಕೆ ಹೋಗಬೇಡಿ. ಅಮ್ಮನನ್ನು ಮಂಚದ ಪಕ್ಕ ನಿಲ್ಲಿಸಿ, ಕತ್ತು ಸಡಿಲ ಆಗುವುದನ್ನು ಅವರೇ ನೋಡಲಿ. ಉಸಿರು ಕಟ್ಟಿದ ಸದ್ದು ಬಂದರೆ ಮಾತ್ರ ಡಾಕ್ಟರನ್ನು ಕರೆಯಲಿಕ್ಕೆ ಓಡಿ.

ಕತ್ತು ಹಿಡಿದದ್ದಲ್ಲ, ಇಡೀ ಮೈ ಸಬ್ಬಲಿನ ಹಾಗೆ ಗಟ್ಟಿ, ಜೋರು ಜ್ವರ, ಬೆವರು, ಗೊಂದಲ ಇದ್ದರೆ ಅದು ಬೇರೆ, ಇದೇ ಔಷಧಿಗಳಿಂದ ಬರುವ ಎನ್‌ಎಂಎಸ್ ಎಂಬ ಜೀವಕ್ಕೆ ಅಪಾಯದ ಸ್ಥಿತಿ ಇರಬಹುದು. ಮಾತ್ರೆ ನಿಲ್ಲಿಸಿ ಐಸಿಯು ಇರುವ ಆಸ್ಪತ್ರೆಗೆ. ಡೆಂಗಿ ಕಾಲದಲ್ಲಿ ಇದನ್ನೂ ಜ್ವರ ಅಂತ ಪ್ಯಾರಸಿಟಮಾಲ್ ಕೊಟ್ಟು ಕೂರಿಸಿದ್ದನ್ನು ನೋಡಿದ್ದೇನೆ.

ತೂಕ ಏರುತ್ತದೆ ಅಂತ ಮಾತ್ರೆ ಬಿಡುತ್ತಾರೆ.

ಏರುವುದು ನಿಜ, ಒಲಾಂಜಪಿನ್, ಕ್ಲೋಜಪಿನ್‌ನಲ್ಲಿ ಜಾಸ್ತಿ. ಮೊದಲ ದಿನವೇ ತೂಕ, ಸೊಂಟದ ಸುತ್ತಳತೆ, ಶುಗರ್, ಕೊಬ್ಬು ಬರೆದಿಡಿ. ಶುಗರ್, ಕೊಬ್ಬು ಮೂರು ತಿಂಗಳಿಗೆ ಮತ್ತೆ, ಆಮೇಲೆ ವರ್ಷಕ್ಕೊಮ್ಮೆ. ತೂಕ ಅದಕ್ಕಿಂತ ಹೆಚ್ಚು ಸಲ ನೋಡಿ. ಮೊದಲ ತಿಂಗಳಲ್ಲೇ ಮೂರ್ನಾಲ್ಕು ಕಿಲೋ ಏರಿದರೆ ಕಾಯದೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳಿವೆ.

ಮದುವೆ ನಿಶ್ಚಯವಾದ ಹುಡುಗಿ, ಬೈಪೋಲಾರ್‌ಗೆ ವಾಲ್‌ಪ್ರೊಏಟ್ ಮಾತ್ರೆಯಲ್ಲಿದ್ದಾಳೆ. ನಾನು ಏನಾದರೂ ಹೇಳಬೇಕಾ?

ಹೇಳಲೇಬೇಕು. ಗರ್ಭದಲ್ಲಿರುವಾಗ ವಾಲ್‌ಪ್ರೊಏಟ್ ಸಿಕ್ಕಿದ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳಿಗೆ ಹುಟ್ಟುವಾಗಲೇ ದೊಡ್ಡ ತೊಂದರೆ ಇರುತ್ತದೆ. ಮೂವತ್ತರಿಂದ ನಲವತ್ತು ಮಕ್ಕಳಿಗೆ ಕಲಿಕೆ, ಬೆಳವಣಿಗೆಯಲ್ಲಿ ಹಿಂದುಳಿಯುವ ಭಯ. ಫೋಲಿಕ್ ಆಸಿಡ್ ಕೊಟ್ಟರೆ ಇದು ಪೂರ್ತಿ ತಪ್ಪುವುದಿಲ್ಲ. ಹುಡುಗಿಯನ್ನು ಒಬ್ಬಳೇ ಕೂರಿಸಿ ಮಾತಾಡಿ, ಮದುವೆಗೆ ಮೊದಲೇ ಡಾಕ್ಟರ ಹತ್ತಿರ ಕಳಿಸಿ. ಆದರೆ "ಇವತ್ತೇ ಬಿಡು" ಅನ್ನಬೇಡಿ. ಒಮ್ಮೆಲೇ ಬಿಟ್ಟರೆ ಮದುವೆಮನೆಯಲ್ಲೇ ಉನ್ಮಾದ ಕಾಣಿಸಿಕೊಳ್ಳಬಹುದು.

ಬದಲಿಗೆ ಲ್ಯಾಮೊಟ್ರಿಜಿನ್ ಕೊಟ್ಟರೆ 25 ಮಿ.ಗ್ರಾಂ.ನಿಂದ ಆಮೆಯ ಹಾಗೆ ಏರಿಸುತ್ತಾರೆ. ವಾಲ್‌ಪ್ರೊಏಟ್ ಇನ್ನೂ ಜೊತೆಗಿದ್ದರೆ ದಿನ ಬಿಟ್ಟು ದಿನ 25. ಅವಸರ ಮಾಡಿದರೆ ಮೈಮೇಲೆ ದದ್ದು ಎದ್ದು ಚರ್ಮವೇ ಸುಲಿಯಬಹುದು. ಬಾಯಿಹುಣ್ಣು, ಕಣ್ಣು ಕೆಂಪು, ಜ್ವರದ ಜೊತೆ ದದ್ದು ಕಂಡರೆ ಅವತ್ತೇ ಆಸ್ಪತ್ರೆ.

ನಿದ್ದೆ ಮಾತ್ರೆ?

ಎರಡರಿಂದ ನಾಲ್ಕು ವಾರ, ಅದಕ್ಕಿಂತ ಜಾಸ್ತಿ ಅಭ್ಯಾಸ ಆಗುತ್ತದೆ. ಆಲ್ಪ್ರಜೊಲಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಎಲ್ಲ 2014ರಿಂದ ಶೆಡ್ಯೂಲ್ ಎಚ್1 ಎಂಬ ಕಟ್ಟುನಿಟ್ಟಿನ ಔಷಧಿ ಪಟ್ಟಿಯಲ್ಲಿವೆ. ಮೆಡಿಕಲ್‌ನವರು ಡಾಕ್ಟರ, ರೋಗಿಯ ಹೆಸರು ಬರೆದು ರಿಜಿಸ್ಟರನ್ನು ಮೂರು ವರ್ಷ ಇಡಬೇಕು. ಗಂಗಸರದ ಜೊತೆ ಬೇಡ, ಉಸಿರು ನಿಲ್ಲಬಹುದು. ವರ್ಷಗಟ್ಟಲೆ ತಿಂದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಕುಡಿತ ಬಿಡಿಸುವ ಮಾತ್ರೆಯನ್ನು ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡಬಹುದಾ?

ಇದನ್ನು ಕೇಳುವವರ ಕಷ್ಟ ನನಗೆ ಗೊತ್ತು. ಸಿಟ್ಟು ಮಾಡಬೇಡಿ ಅವರ ಮೇಲೆ. ಆದರೆ ಉತ್ತರ ಬೇಡ ಅಂತಲೇ. ಡೈಸಲ್ಫಿರಾಮ್ ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿ ಬಂದು, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಹೃದಯ ಸರಿ ಇಲ್ಲದವರು ಸತ್ತೇ ಹೋಗಬಹುದು. ಈ ಮಾತ್ರೆ ಕೆಲಸ ಮಾಡುವುದೇ "ಕುಡಿದರೆ ಹೀಗಾಗುತ್ತದೆ" ಅಂತ ತಿಂದವನಿಗೆ ಗೊತ್ತಿರುವುದರಿಂದ. ಗೊತ್ತಿಲ್ಲದೆ ಕೊಟ್ಟರೆ ಅದು ಚಿಕಿತ್ಸೆ ಅಲ್ಲ, ವಿಷ. ಒಪ್ಪಿಗೆ ಇಲ್ಲದೆ ಕೊಡುವುದು ಕಾನೂನಿಗೂ ಸಲ್ಲದು.

ಒಪ್ಪಿ ತಗೊಳ್ಳುವವರಿಗೂ ಕೊನೆಯ ಗುಟುಕಿನಿಂದ ಕಡಿಮೆಯೆಂದರೆ 12 ಗಂಟೆ ಕಳೆದಿರಬೇಕು. ನಿಲ್ಲಿಸಿದ ಮೇಲೂ ಎರಡು ವಾರ ಕುಡಿಯಬಾರದು. ಯಾರೂ ಹೇಳದ ಮಾತು ಒಂದುಂಟು: ಆಯುರ್ವೇದದ ಅರಿಷ್ಟ, ಆಸವಗಳಲ್ಲಿ ಹುದುಗುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಜೀರ್ಣಕ್ಕೆ ಅಂತ ಎರಡು ಚಮಚ ಕುಡಿದು ಮುಖ ಕೆಂಪಾಗಿ ಬಂದವರಿದ್ದಾರೆ. "ನಾನು ಮುಟ್ಟಲೇ ಇಲ್ಲ ಸಿಸ್ಟರ್" ಅಂತ ಆಣೆ ಹಾಕುತ್ತಾರೆ, ಹೆಂಡತಿ ನಂಬುವುದಿಲ್ಲ. ಬಾಟಲಿ ತರಿಸಿ ಲೇಬಲ್ ಓದಿ ತೋರಿಸಿದ ಮೇಲೆ ಆ ಮನೆಯಲ್ಲಿ ಜಗಳ ನಿಂತಿತು.

ಮನೋವೈದ್ಯರು ಹತ್ತಿರದಲ್ಲಿ ಇಲ್ಲದಿದ್ದರೆ?

ಮಂಗಳೂರಿನ ವೆನ್‌ಲಾಕ್, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಉಂಟು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ನಡೆಸುತ್ತಾರೆ, ಹೋಗುವ ಮೊದಲು ದಿನ ವಿಚಾರಿಸಿ. ಮಾತಾಡಲಿಕ್ಕೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ದಿನದ 24 ಗಂಟೆ, ಕನ್ನಡದಲ್ಲೇ. ವಿಡಿಯೊ ಕಾಲ್‌ನಲ್ಲಿ ಡಾಕ್ಟ್ರು ಹಲವು ಮಾತ್ರೆ ಬರೆಯಬಹುದು, ಆದರೆ ಮಕ್ಕಳ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಕೊಡುವ ಮಿಥೈಲ್‌ಫೆನಿಡೇಟ್‌ನಂಥ, ಇನ್ನೂ ಬಿಗಿಯಾದ ಶೆಡ್ಯೂಲ್ ಎಕ್ಸ್ ಪಟ್ಟಿಯ ಮಾತ್ರೆ ಬರೆಯುವ ಹಾಗಿಲ್ಲ.

ರೋಗಿ ಮಾತ್ರೆ ಸರಿಯಾಗಿ ತಿಂತಿದ್ದಾರಾ ಅಂತ ತಿಳಿಯುವುದು ಹೇಗೆ?

"ಸರಿಯಾಗಿ ತಗೊಳ್ತೀರಾ?" ಅಂದರೆ ಎಲ್ಲರೂ ಹೌದು ಅಂತಾರೆ. ನಾನು ಕೇಳುವುದು "ಈ ವಾರ ಎಷ್ಟು ಸಲ ಮರೆತುಹೋಯಿತು?" ಅಂತ. ಮರೆತದ್ದು ತಪ್ಪಲ್ಲ ಅನ್ನುವ ಧ್ವನಿಯಲ್ಲಿ ಕೇಳಿದರೆ ನಿಜ ಬರುತ್ತದೆ. ಮಾತ್ರೆಯ ಚೀಲವನ್ನು ತರಲಿಕ್ಕೆ ಹೇಳಿ, ಸ್ಟ್ರಿಪ್ ಎಣಿಸಿ. ಕಳೆದ ತಿಂಗಳು ಒಬ್ಬರು ಜವಳಿ ಅಂಗಡಿಯ ಕೈಚೀಲವನ್ನು ಮೇಜಿನ ಮೇಲೆ ಸುರಿದರು. ಒಂದೇ ರಿಸ್ಪೆರಿಡೋನ್ ಮೂರು ಕಂಪನಿಯ ಹೆಸರಿನಲ್ಲಿ ಇತ್ತು. ಮೂರು ಊರಿನ ಮೂರು ಮೆಡಿಕಲ್‌ನವರು ಕೊಟ್ಟದ್ದು. ಅವರು ಮೂರೂ ಬೇರೆ ಬೇರೆ ಅಂತ ತಿಳಿದು ದಿನಾ ಮೂರನ್ನೂ ನುಂಗುತ್ತಿದ್ದರು. "ಮತ್ತೆ ಎಂತಕ್ಕೆ ಸಿಸ್ಟರೇ, ನನ್ನ ಕಾಲು ಹೀಗೆ ಗಟ್ಟಿಯಾಗುವುದು?" ಅಂತ ಕೇಳಿದರು. ಎರಡು ಸ್ಟ್ರಿಪ್ ಪಕ್ಕಕ್ಕೆ ಎತ್ತಿಟ್ಟು, ಚೀಲ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದೆ.